ನೋವು ನಿರ್ವಹಣೆಯ ಸಂಶೋಧನೆಯನ್ನು ವಾರ್ಡಿನ ದಿನನಿತ್ಯದ ಶುಶ್ರೂಷೆಗೆ ತರುವುದು ಹೇಗೆ?

ಕಾಸರಗೋಡಿನಂಥ ಬಹುಭಾಷಾ ಊರಿನಲ್ಲಿ ಇದನ್ನು ರೋಗಿಯ ಚಾರ್ಟಿನಿಂದಲೇ ಆರಂಭಿಸುವುದು ಸೂಕ್ತ. ನಾಡಿ, ರಕ್ತದೊತ್ತಡ, ಜ್ವರಗಳ ಜೊತೆಗೆ 0ಯಿಂದ (ನೋವೇ ಇಲ್ಲ) 10ರವರೆಗಿನ (ಅತಿ ತೀವ್ರ ನೋವು) ನೋವಿನ ಅಂಕಕ್ಕೂ ಒಂದು ಕಾಲಂ ಇರಲಿ. ಮಾತ್ರೆ ಕೊಟ್ಟಿದ್ದರೆ ಸುಮಾರು ಒಂದು ಗಂಟೆಯ ನಂತರ, ರಕ್ತನಾಳಕ್ಕೆ ಔಷಧಿ ಕೊಟ್ಟಿದ್ದರೆ 15ರಿಂದ 30 ನಿಮಿಷಗಳೊಳಗೆ, ಮತ್ತೆ ಕೇಳಿ ಬರೆಯುವುದು ಕಡ್ಡಾಯವಾಗಲಿ, ಏಕೆಂದರೆ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಈ ಎರಡನೆಯ ದಾಖಲೆಯೇ. ಮಲಯಾಳಂನಲ್ಲಿ ಕೇಳಿದರೆ ತುಳು ಅಥವಾ ಕನ್ನಡ ಮಾತನಾಡುವ ಅಜ್ಜಿಯೊಬ್ಬರು ಸುಮ್ಮನೆ ತಲೆಯಾಡಿಸಿಬಿಡಬಹುದು. ಅವರ ಭಾಷೆಯಲ್ಲೇ ಕೇಳಿ, ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳಲ್ಲಿ ನೋವನ್ನು ಗುರುತಿಸುವ ಮುಖಚಿತ್ರಗಳ ಮಾಪಕವನ್ನು ತೋರಿಸಿ, ಕೆಮ್ಮುವಾಗ, ಮಗ್ಗುಲು ಬದಲಿಸುವಾಗ ನೋವು ಎಷ್ಟೆಂದು ವಿಚಾರಿಸಬೇಕು. ಮಲಗಿದ್ದಾಗಿನ ಅಂಕವೊಂದೇ ಸಾಲದು. ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ ಪಡೆದವರಲ್ಲಿ ಮಂಪರು ಮತ್ತು ಉಸಿರಾಟದ ಗತಿಯನ್ನೂ ಅದೇ ಸಾಲಿನಲ್ಲಿ ದಾಖಲಿಸಬೇಕು.