ಹಂದಿ ಭುಜದ ರೋಸ್ಟ್: ಎಷ್ಟು ದಿನ ನೆನೆಸಿದರೆ ಮೆತ್ತಗಾಗುತ್ತದೆ?

ಎರಡು ದಿನ ಕಾಚಂಪುಳಿಯಲ್ಲಿ (ಕೊಡಗಿನ ಕಪ್ಪನೆಯ ಹುಳಿರಸ) ನೆನೆಸಬೇಕಾ, ಪಪ್ಪಾಯಿಕಾಯಿ ಅರೆದು ಹಚ್ಚಬೇಕಾ, ಆಮೇಲೆ ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) ಎರಡು ಗಂಟೆ ಸಾಕಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದವನೇ. ಅದನ್ನು ನಂಬಿ ಮನೆಗೆ ನೆಂಟರನ್ನೂ ಕರೆದಿದ್ದೆ.

ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ. ಊಟಕ್ಕೆ ಮಂಡ್ಯ ಕಡೆಯಿಂದ ಸೋದರಮಾವ, ಜೊತೆಗೆ ಗೋಣಿಕೊಪ್ಪದ ಗೆಳೆಯ. ಒಬ್ಬರು ಹಂದಿ ಸಾರು, ಮುದ್ದೆಯಲ್ಲಿ ಬೆಳೆದವರು, ಇನ್ನೊಬ್ಬ ಕೊಡಗಿನ ಹಂದಿ ಪಲ್ಯವಾದ ಪಂದಿ ಕರಿಯಲ್ಲಿ. ಇಬ್ಬರೂ ತಿಂದಿರದ್ದನ್ನು ತಿನ್ನಿಸಬೇಕು ಅನ್ನೋ ಹುಮ್ಮಸ್ಸು ನನಗೆ. ಅಂಗಡಿಯವನು "ಪೀಸ್ ಮಾಡ್ಲಾ ಸಾರ್" ಅಂತ ಕತ್ತಿ ಎತ್ತುವಷ್ಟರಲ್ಲಿ ತಡೆದೆ. ಮುಂಗಾಲಿನ ಭುಜ, ಮೂಳೆ, ಚರ್ಮ, ಕೊಬ್ಬು ಸಮೇತ ಇಡಿಯಾಗಿ ಎರಡು ಕೆಜಿ ತಂದೆ. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ನೀವು ಅಪ್ಪಿತಪ್ಪಿಯೂ ಹಿಂಗಾಲಿನ ತೊಡೆ ತರಬೇಡಿ. ಅದರಲ್ಲಿ ಕೊಬ್ಬು ಕಡಿಮೆ, ಒಣಗುತ್ತದೆ.

ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು ಅರೆದು ಹಚ್ಚಿದೆ. ಮೇಲೆ ಧಾರಾಳವಾಗಿ ಕಾಚಂಪುಳಿ. ಎರಡು ರಾತ್ರಿ ಫ್ರಿಜ್‌ನಲ್ಲಿಟ್ಟೆ. ಹುಳಿ ಇಷ್ಟು ಹೊತ್ತು ಕೂತರೆ ಅರ್ಧ ಕೆಲಸ ಮುಗಿದಂತೆ, ಓವನ್ ಬರೀ ಬಿಸಿ ಮಾಡಿದರೆ ಸಾಕು ಅಂತ ನನ್ನ ನಂಬಿಕೆ. ಭಾನುವಾರ ಬೆಳಗ್ಗೆ ಹತ್ತಕ್ಕೆ 140 ಡಿಗ್ರಿಯಲ್ಲಿ ಇಟ್ಟೆ. ಊಟ ಒಂದೂವರೆಗೆ.

ಹನ್ನೆರಡೂವರೆಗೆ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರ್ 68 ತೋರಿಸಿತು. ಒಂದು ಗಂಟೆಗೆ 69. ಒಂದೂಕಾಲಿಗೂ 69. ಹಾಲ್‌ನಿಂದ ಮಾವ "ಏನ್ಲಾ, ಇನ್ನೂ ಬೆಂದಿಲ್ವಾ?" ಅಂದರು. ನಾನು ಗುಂಡಿ ತಿರುಗಿಸಿ 230ಕ್ಕೆ ಏರಿಸಿಬಿಟ್ಟೆ.

ಕೆಟ್ಟಿದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲಿಗೆ ಬಂದಾಗ ಗುಂಡಿಗೆ ಕೈ ಹಾಕುತ್ತೀರಿ. ಓವನ್ ಕೆಟ್ಟಿರಲಿಲ್ಲ. ಮಾಂಸ 65ರಿಂದ 75 ಡಿಗ್ರಿ ಹತ್ತಿರ ಬಂದಾಗ ಒಳಗಿನ ರಸ ಹೊರಗೆ ಬಂದು ಆವಿಯಾಗುತ್ತಿರುತ್ತದೆ. ಆವಿ ಹೋಗುವಾಗ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಮಡಕೆ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತಲ್ವಾ, ಅದೇ ಕಾರಣ. ಓವನ್ ಕೊಟ್ಟಷ್ಟನ್ನೂ ಆವಿ ಒಯ್ದುಬಿಡುತ್ತದೆ, ಅಂಕಿ ಗಂಟೆಗಟ್ಟಲೆ ಅಲ್ಲಾಡುವುದಿಲ್ಲ. ಆದರೆ ಒಳಗೆ ಕೆಲಸ ನಡೀತಾನೇ ಇರುತ್ತದೆ. ಭುಜ ಅಂದರೆ ಪ್ರಾಣಿಯ ಭಾರ ಹೊತ್ತು ಓಡಾಡಿದ ಸ್ನಾಯು. ಅದರ ತುಂಬ ಕೊಲಾಜೆನ್ ಅನ್ನೋ ಗಟ್ಟಿ ನಾರು. ಅದು ಕರಗಿ ಜೆಲಾಟಿನ್ ಅನ್ನೋ ಮೆತ್ತನೆಯ ಅಂಟಾಗಲು 70ರ ಆಸುಪಾಸಿನ ಬಿಸಿ ಬೇಕು, ಬಿಸಿಗಿಂತ ಮುಖ್ಯವಾಗಿ ಹೊತ್ತು ಬೇಕು. ನಾನು ಉರಿ ಏರಿಸಿದ್ದಕ್ಕೆ ಹೊರಗಿನ ಪದರದ ರಸವೆಲ್ಲ ಹೋಯಿತು, ಒಳಗಿನ ನಾರಿಗೆ ಬೇಕಾದ ಹೊತ್ತು ಮಾತ್ರ ಸಿಗಲಿಲ್ಲ. ಹೊರಗೆ ಒಣಕಲು, ಒಳಗೆ ರಬ್ಬರ್.

ಅಂದಹಾಗೆ 69 ಅಂದರೆ ಹಸಿ ಅಲ್ಲ. ಹಂದಿಯ ಇಡೀ ತುಂಡು 63 ಡಿಗ್ರಿ ಮುಟ್ಟಿ, ಮೂರು ನಿಮಿಷ ಹಾಗೇ ಬಿಟ್ಟರೆ ತಿನ್ನಬಹುದು ಅಂತ ಅಮೆರಿಕದ ಕೃಷಿ ಇಲಾಖೆ 2011ರಲ್ಲೇ ಹೇಳಿದೆ. ನನ್ನದು ಬೆಂದಿತ್ತು, ಅಗಿಯೋಕೆ ಆಗುತ್ತಿರಲಿಲ್ಲ ಅಷ್ಟೇ.

ಎರಡು ದಿನ ನೆನೆಸಿದ ಕಥೆ ಏನಾಯಿತು ಅಂದರೆ, ಹುಳಿ ಕೆಲವು ಮಿಲಿಮೀಟರ್ ದಾಟಿರಲಿಲ್ಲ. ಮೇಲಿನ ಪದರ ಹಿಟ್ಟು ಹಿಟ್ಟು, ವಿಪರೀತ ಹುಳಿ. ಒಳಗೆ ಅದರ ಸುಳಿವೇ ಇಲ್ಲ. ಗೆಳೆಯ ಬಾಟಲಿ ಎತ್ತಿ ನೋಡಿ, "ಇಷ್ಟರಲ್ಲಿ ನಮ್ಮಮ್ಮ ಇಡೀ ವರ್ಷ ಪಂದಿ ಕರಿ ಮಾಡ್ತಾರೆ ಕಣೋ, ಅದೂ ಕೊನೇಲಿ ಹಾಕೋದು" ಅಂದ. ಮಾವ ಮಾತಾಡಲಿಲ್ಲ. ಎದ್ದು ಬಂದು ಎಲ್ಲವನ್ನೂ ತುಂಡು ಮಾಡಿ ಕುಕ್ಕರಿಗೆ ಹಾಕಿದರು. ಮೂರೂವರೆಗೆ ಮುದ್ದೆ ಜೊತೆ ಸಾರು ತಿಂದೆವು. ಚೆನ್ನಾಗಿಯೇ ಇತ್ತು, ಅದೇ ಇನ್ನಷ್ಟು ಬೇಜಾರು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಮೆತ್ತಗಾಗುವುದು ನೆನೆಸಿದ್ದರಿಂದ ಅಲ್ಲ. ಪಪ್ಪಾಯಿ ಅಂತೂ ಬೇಡವೇ ಬೇಡ, ಮೇಲ್ಭಾಗವನ್ನು ಗೊಜ್ಜು ಮಾಡಿ ಕೈ ತೊಳೆದುಕೊಳ್ಳುತ್ತದೆ. ಆಳಕ್ಕೆ ಇಳಿಯುವುದು ಉಪ್ಪು ಒಂದೇ. ಎರಡು ಕೆಜಿಗೆ 30 ಗ್ರಾಂ ತೂಕ ಮಾಡಿ ಹಚ್ಚಿ, ಮಸಾಲೆ ಸವರಿ, ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಸಾಕು.

ಓವನ್ 140. ಐದು ಗಂಟೆ ಹಿಡಿಯುತ್ತದೆ ಅಂದುಕೊಂಡು ಮೇಲೊಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಒಂದೂವರೆಗೆ ಊಟವಾದರೆ ಬೆಳಗ್ಗೆ ಏಳಕ್ಕೆ ಒಳಗಿರಬೇಕು. ಎಷ್ಟೋ ಓಟಿಜಿಗಳ ಟೈಮರ್ ಒಂದು ಗಂಟೆಗೆ ಆಫ್ ಆಗುತ್ತದೆ, ಮತ್ತೆ ಮತ್ತೆ ತಿರುಗಿಸಬೇಕು. ಅಂಕಿ ನಿಂತಾಗ ಮಾಂಸವನ್ನು ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಬಿಗಿಯಿರಿ. ಆವಿ ಹೊರಗೆ ಹೋಗದಿದ್ದರೆ ಅಂಕಿ ಮತ್ತೆ ಏರುತ್ತದೆ. 90 ದಾಟಿ, ಮೂಳೆ ಹಿಡಿದು ಅಲ್ಲಾಡಿಸಿದರೆ ಸಡಿಲವಾಗಿ ತಿರುಗಿತೋ, ಆಯಿತು. ಆಗ ಬಿಚ್ಚಿ, ಒಂದು ಚಮಚ ಕಾಚಂಪುಳಿಯಲ್ಲಿ ಮಂಡ್ಯದ ಬೆಲ್ಲ ಕರಗಿಸಿ ಸವರಿ, 220ರಲ್ಲಿ ಹತ್ತು ಹದಿನೈದು ನಿಮಿಷ ಬಣ್ಣ ಬರಿಸಿ. ಜೋರು ಉರಿಗೆ ಜಾಗ ಇರುವುದು ಇಲ್ಲಿ. ಚರ್ಮ ಗರಿಗರಿ ಆಗಲಿ ಅಂತ ಆಸೆ ಪಡಬೇಡಿ, ಸುತ್ತಿ ಬೇಯಿಸಿದ್ದು ಮೆತ್ತಗೇ ಇರುತ್ತದೆ. ಹೊರಗೆ ತೆಗೆದು ಅರ್ಧ ಗಂಟೆ ಬಿಟ್ಟು, ಆಮೇಲೆ ಬಿಡಿಸಿ. ಅಕ್ಕಿ ರೊಟ್ಟಿ ಇದ್ದರೆ ಬೇರೆ ಏನೂ ಬೇಡ.

ಎರಡೇ ಗಂಟೆ ಇದೆ ಅಂದರೆ ರೋಸ್ಟ್ ಆಸೆ ಬಿಟ್ಟು ಕುಕ್ಕರಿನಲ್ಲಿ ಪಂದಿ ಕರಿ ಮಾಡಿ.

ಇನ್ನು ಕರೆಂಟ್. ಓಟಿಜಿಯ ಲೋಡನ್ನು ಮನೆಯ ಸಣ್ಣ ಇನ್ವರ್ಟರ್ ಎಳೆಯುವುದಿಲ್ಲ. ಮಧ್ಯದಲ್ಲಿ ಹೋದರೆ ಬಾಗಿಲು ತೆಗೆದು ಇಣುಕಬೇಡಿ. ಅರ್ಧ ಗಂಟೆಯಲ್ಲಿ ಬರದಿದ್ದರೆ ಮಾಂಸವನ್ನು ದಪ್ಪ ತಳದ ಪಾತ್ರೆಗೆ ಹಾಕಿ, ಒಂದು ಲೋಟ ನೀರು ಬಿಟ್ಟು, ಬಿಗಿಯಾಗಿ ಮುಚ್ಚಿ ಗ್ಯಾಸ್ ಸಿಮ್‌ನಲ್ಲಿ ಮುಂದುವರಿಸಿ. ನೀರು ಬತ್ತದಂತೆ ಆಗಾಗ ನೋಡಿಕೊಳ್ಳಿ.