ನೂರರ ಬಲ್ಬು ಮಂಕಾದದ್ದೇಕೆ?

ಪ್ರಶ್ನೆ: ಮನೆಯಲ್ಲಿ 100 ವ್ಯಾಟಿನ ಬಲ್ಬು 60 ವ್ಯಾಟಿನದಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ. ಶಾಲೆಯಲ್ಲಿ ಅವೆರಡನ್ನೂ ಸರಣಿಯಲ್ಲಿ ಜೋಡಿಸಿದಾಗ 60ರದೇ ಚೆನ್ನಾಗಿ ಉರಿದು, 100ರದು ಕೆಂಪಗೆ ಮಿನುಗಿತು. ಬಲ್ಬಿನ ಮೇಲಿನ ಅಂಕಿ ತಪ್ಪೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅಂಕಿ ಸರಿಯಾಗಿಯೇ ಇದೆ, ಅದರ ಪಕ್ಕದ ‘230 ವೋಲ್ಟ್’ ಎಂಬುದನ್ನೂ ಸೇರಿಸಿ ಓದಬೇಕು. ಅಷ್ಟು ವೋಲ್ಟೇಜ್ ಪೂರ್ತಿಯಾಗಿ ದೊರೆತಾಗ ಮಾತ್ರ ಬಲ್ಬು 100 ವ್ಯಾಟ್ ಬಳಸುತ್ತದೆ. ಹಾಗೆ ಉರಿಯುವಾಗ ಅದರ ತಂತುವಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 529 ಓಮ್. 60ರ ಬಲ್ಬಿನದು ಸುಮಾರು 882 ಓಮ್.

ಮನೆಯ ವೈರಿಂಗ್ ಸಮಾಂತರ ಜೋಡಣೆಯದು. ಪ್ರತಿ ಹೋಲ್ಡರಿಗೂ ಫೇಸ್ ಮತ್ತು ನ್ಯೂಟ್ರಲ್ ಬೇರೆಬೇರೆಯಾಗಿ ತಲುಪುವುದರಿಂದ ಎಲ್ಲ ಬಲ್ಬುಗಳಿಗೂ 230 ವೋಲ್ಟ್ ಸಿಗುತ್ತದೆ. ರೋಧ ಕಡಿಮೆಯಿರುವ 100ರ ಬಲ್ಬು ಹೆಚ್ಚು ಕರೆಂಟು ಎಳೆದು ಹೆಚ್ಚು ಬೆಳಗುತ್ತದೆ. ಒಂದು ಸುಟ್ಟುಹೋದರೂ ಇನ್ನೊಂದಕ್ಕೆ ಬಾಧೆಯಿಲ್ಲ.

ಸರಣಿಯಲ್ಲಾದರೋ ಕರೆಂಟಿಗೆ ಇರುವುದು ಒಂದೇ ದಾರಿ. ಎರಡು ರೋಧಗಳೂ ಕೂಡಿ 1,411 ಓಮ್ ಆಗುವುದರಿಂದ ಎರಡರಲ್ಲೂ ಅದೇ 0.16 ಆಂಪಿಯರ್ ಹರಿಯುತ್ತದೆ ಮತ್ತು 230 ವೋಲ್ಟ್ ರೋಧಕ್ಕೆ ತಕ್ಕಂತೆ ಪಾಲಾಗುತ್ತದೆ: 60ರದಕ್ಕೆ ಸುಮಾರು 144, 100ರದಕ್ಕೆ 86. ಆಗ ಮೊದಲನೆಯದು 23 ವ್ಯಾಟ್ ಬಳಸಿದರೆ ಎರಡನೆಯದು ಬರೀ 14. ಇದು ಕಾಗದದ ಲೆಕ್ಕ. ನೀವು ಕಂಡ ಅಂತರ ಇದಕ್ಕಿಂತ ಹೆಚ್ಚೇ ಇರುತ್ತದೆ, ಏಕೆಂದರೆ ಟಂಗ್‌ಸ್ಟನ್ ತಂತು ಬಿಸಿ ಕಳೆದುಕೊಂಡಂತೆ ಅದರ ರೋಧವೂ ಇಳಿಯುತ್ತದೆ, ರೋಧ ಇಳಿದ 100ರ ಬಲ್ಬಿನ ಪಾಲಿನ ವೋಲ್ಟೇಜ್ ಇನ್ನಷ್ಟು ಕುಗ್ಗುತ್ತದೆ.

ರಿಪೇರಿ ಅಂಗಡಿಯಲ್ಲಿ ಉಪಕರಣವನ್ನು ಬಲ್ಬಿನೊಂದಿಗೆ ಸರಣಿಯಲ್ಲಿ ಜೋಡಿಸಿ ಪರೀಕ್ಷಿಸುವ ಸೀರೀಸ್ ಬೋರ್ಡಿನಲ್ಲಿ ಇದನ್ನೇ ಬಹಳ ಜಾಣತನದಿಂದ ಬಳಸುತ್ತಾರೆ. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಯೊಂದಿಗೆ 100ರ ಬಲ್ಬನ್ನು ಸರಣಿಯಲ್ಲಿಟ್ಟರೆ ಸುಮಾರು 209 ವೋಲ್ಟ್ ಬಲ್ಬಿನ ಪಾಲಾಗುತ್ತದೆ. ಬಲ್ಬು ಉರಿಯುತ್ತದೆ, ಪೆಟ್ಟಿಗೆ ಕಾಯುವುದೇ ಇಲ್ಲ. ಪೆಟ್ಟಿಗೆಯ ಕಾಯಿಲ್ ತುಂಡಾಗಿದ್ದರೆ ಬಲ್ಬು ಹತ್ತುವುದಿಲ್ಲ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತದೆಯೇ ಹೊರತು ಫ್ಯೂಸ್ ಹೋಗುವುದಿಲ್ಲ, ಏಕೆಂದರೆ ಬಲ್ಬಿನ 529 ಓಮ್ ದಾಟಿ ಅರ್ಧ ಆಂಪಿಯರ್ ಕೂಡ ಹರಿಯಲಾರದು.

ಈ ಪ್ರಯೋಗಕ್ಕೆ ಎಲ್‌ಇಡಿ ಬಲ್ಬುಗಳು ಒಗ್ಗುವುದಿಲ್ಲ. ಅವುಗಳೊಳಗೆ ಕರೆಂಟನ್ನು ನಿಯಂತ್ರಿಸುವ ಮಂಡಲವೊಂದು ಇರುವುದರಿಂದ ಮೇಲಿನ ಲೆಕ್ಕ ಅಲ್ಲಿ ನಡೆಯದು. ಹಳೆಯ ತಂತುವಿನ ಬಲ್ಬುಗಳನ್ನೇ ಹುಡುಕಿ ತರಬೇಕು.