ಮಗಳ ಮೊದಲ ಹೆಜ್ಜೆ, ಅಕ್ಕನ ಮೌನ

ಪ್ರಶ್ನೆ: ನಾನು ಹಾಸನದ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಮಗಳಿಗೆ ಹನ್ನೊಂದು ತಿಂಗಳು. ಹಲ್ಲು ಬಂದದ್ದು, ಹೊಸಿಲು ದಾಟಿದ್ದು ಎಲ್ಲವನ್ನೂ ಗಂಡನ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಿದ್ದೆ. ಅಡ್ಮಿನ್ ನಾನೇ. ಮೊದಲ ಹೆಜ್ಜೆಯ ವಿಡಿಯೊ ಹಾಕಿದ ರಾತ್ರಿ ನನ್ನ ಓರಗಿತ್ತಿ ಗ್ರೂಪ್ ಬಿಟ್ಟರು. ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಅವರಿಗೆ ಮದುವೆಯಾಗಿ ಒಂಬತ್ತು ವರ್ಷ, ಎರಡು ಸಲ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಕೈಗೂಡಲಿಲ್ಲ. ಅತ್ತೆ, 'ಅವಳ ಕಣ್ಣು ಬೀಳುತ್ತೆ, ಇನ್ನು ಏನೂ ಹಾಕಬೇಡ' ಅಂತಾರೆ. ಊರಲ್ಲಿರುವ ಮಾವ ಮಾತ್ರ ಡೇರಿಗೆ ಹೋದಾಗ ಹಾಲಿನ ಕ್ಯಾನ್ ಪಕ್ಕಕ್ಕಿಟ್ಟು ಎಲ್ಲರಿಗೂ ಮೊಮ್ಮಗಳ ವಿಡಿಯೊ ತೋರಿಸುತ್ತಾರೆ. ಸಂಕ್ರಾಂತಿಗೆ ಮಗುವಿಗೆ ಎಲಚಿ ಹಣ್ಣು ಎರೆಯಬೇಕು. ಅಕ್ಕನನ್ನು ಕರೆಯಲೇ, ಬಿಡಲೇ?

ಉತ್ತರ: ಮೊದಲು ನಿಮ್ಮ ಅತ್ತೆಯ ಮಾತು ತೆಗೆದುಕೊಳ್ಳುತ್ತೇನೆ, ನನಗೆ ನೋವಾದದ್ದು ಅಲ್ಲೇ. ಮಕ್ಕಳಾಗದ ಹೆಣ್ಣನ್ನು ಸೀಮಂತದಲ್ಲಿ ಹಿಂದಕ್ಕೆ ಕೂರಿಸಿ, ಆರತಿ ತಟ್ಟೆಗೆ ಕೈ ಹಾಕದಂತೆ ತಡೆದು, ಕೊನೆಗೆ ಅವಳ ಕಣ್ಣೇ ಕೆಟ್ಟದ್ದು ಅನ್ನುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅತ್ತೆ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ನಿವಾಳಿಸಲಿ, ಅದು ಅವರ ಸಮಾಧಾನ. ಆದರೆ ಅಕ್ಕನ ಹೆಸರು ಹಿಡಿದು ಆ ಮಾತಾಡಿದರೆ, 'ಅತ್ತೆ, ಅಕ್ಕನ ಬಗ್ಗೆ ಹಾಗೆ ಅನ್ನಬೇಡಿ' ಎಂದು ಅಲ್ಲೇ ಹೇಳಿ. ಜಗಳ ಬೇಡ. ಸುಮ್ಮನಿರುವುದೂ ಬೇಡ.

ಅಕ್ಕ ಯಾಕೆ ಹೊರಗೆ ಹೋದರೋ ಅವರಿಗೇ ಗೊತ್ತು. ಐವಿಎಫ್‌ನಲ್ಲಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ಮೇಲೆ ರಕ್ತಪರೀಕ್ಷೆಗೆ ಸುಮಾರು ಎರಡು ವಾರ ಕಾಯಬೇಕು. ದಿನವೂ ಔಷಧಿ, ಎಷ್ಟೋ ಜನರಿಗೆ ಸೊಂಟಕ್ಕೆ ಇಂಜೆಕ್ಷನ್. ಆ ದಿನಗಳಲ್ಲಿ ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ಆಸ್ಪತ್ರೆಯ ಮೆಸೇಜ್ ಇರಬಹುದೆಂದು ತೆಗೆದರೆ ನಿಮ್ಮ ಮಗಳು ಎರಡು ಕೈ ಚಾಚಿ ನಡೆದು ಬರುತ್ತಿದ್ದಾಳೆ. ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ, ಆಗಿರಬಹುದು. ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಬಂಜೆತನದ ತೊಂದರೆ ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನಿಮ್ಮ ಗ್ರೂಪಿನಲ್ಲಿ ಬಾಯಿ ಬಿಡದ ಇನ್ನೊಬ್ಬರೂ ಇರಬಹುದು.

ಗ್ರೂಪ್ ಬಿಟ್ಟರೆ 2022ರಿಂದ ಅಡ್ಮಿನ್‌ಗೆ ಮಾತ್ರ ಸೂಚನೆ ಬರುತ್ತದೆ. ಅಕ್ಕ ಸದ್ದಿಲ್ಲದೆ ಎದ್ದು ಹೋದರು, ನಿಮಗೆ ಕಂಡಿತು ಅಷ್ಟೇ. ನೀವು ಅದನ್ನು ಅತ್ತೆಗೆ ಹೇಳಬಾರದಿತ್ತು. ಅವರನ್ನು ಮತ್ತೆ ಸೇರಿಸಲೂ ಹೋಗಬೇಡಿ.

ಮಗಳ ಸುದ್ದಿ ಹಂಚುವುದನ್ನು ನಿಲ್ಲಿಸಬೇಡಿ. ಮಾವನ ಬೆಳಗು ಅದರಲ್ಲಿದೆ. ಅವರಿಗೆ, ನಿಮ್ಮ ಅಪ್ಪ ಅಮ್ಮನಿಗೆ ನೇರವಾಗಿ ಕಳಿಸಿ. ದೊಡ್ಡ ಗ್ರೂಪಿಗೆ ಅಪರೂಪಕ್ಕೊಂದು ಸಾಕು. ಮುಂಚೆ ಮಗು ಹೊಸಿಲು ದಾಟಿದರೆ ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚಿ, ಸಿಹಿ ಮಾಡಿ, ಡಬ್ಬಿ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಬಾಗಿಲು ತೆರೆದವರ ಮುಖ ನೋಡಿ ಎಷ್ಟು ಮಾತಾಡಬೇಕು, ಯಾವಾಗ ಹೊರಡಬೇಕು ಎಂದು ಗೊತ್ತಾಗುತ್ತಿತ್ತು. ಗ್ರೂಪಿನಲ್ಲಿ ಯಾರ ಮುಖವೂ ಕಾಣುವುದಿಲ್ಲ. ಇನ್ನು ಸ್ಟೇಟಸ್ ಹಾಕಿ ಅಕ್ಕನಿಗೊಬ್ಬರಿಗೇ ಕಾಣದಂತೆ ಮಾಡುವ ಯೋಚನೆ ಇದ್ದರೆ ಬಿಡಿ. ನೆಂಟರ ಬಾಯಲ್ಲಿ ಅದು ಅವರ ಕಿವಿಗೆ ಬಿದ್ದೇ ಬೀಳುತ್ತದೆ, ಆಗ ನೋವು ಇಮ್ಮಡಿ.

ಸಂಕ್ರಾಂತಿಗೆ ಕರೆಯಿರಿ. ಕರೆಯದೆ ಬಿಡುವುದು ದೊಡ್ಡ ಗಾಯ. ಆದರೆ ಫೋನ್ ಮಾಡಿದರೆ ಆ ಕ್ಷಣವೇ ನಗುತ್ತಾ ಉತ್ತರ ಕೊಡಬೇಕಾಗುತ್ತದೆ, ಹಾಗಾಗಿ ಬರೆದು ಕಳಿಸಿ: 'ಅಕ್ಕ, ಸಂಕ್ರಾಂತಿಗೆ ಪಾಪುಗೆ ಎರೀತಿದೀವಿ. ನೀವು ಬಂದರೆ ನನಗೆ ಖುಷಿ, ಬರೋಕಾಗದಿದ್ದರೆ ಖಂಡಿತ ಬೇಜಾರಿಲ್ಲ. ಉತ್ತರ ಬರೀಲೇಬೇಕು ಅಂತಿಲ್ಲ.' ಬಂದರೆ, ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಬೆರೆಸಿದ ಪಾವನ್ನು ಎಲ್ಲರಂತೆ ಅವರ ಕೈಗೂ ಕೊಡಿ. 'ಮಡಿಲಲ್ಲಿ ಕೂರಿಸಿಕೋ, ನಿನಗೂ ಆಗುತ್ತೆ' ಎಂದು ಯಾರಾದರೂ ಮಗುವನ್ನು ಅವರ ಮೇಲೆ ಹೇರಲು ಬಂದರೆ ನೀವೇ ಎತ್ತಿಕೊಂಡು ಒಳಗೆ ಹೋಗಿ.

ಬರದಿದ್ದರೆ, ಮರುದಿನ ಎಳ್ಳುಬೆಲ್ಲ, ಸಕ್ಕರೆ ಅಚ್ಚು ತೆಗೆದುಕೊಂಡು ನೀವೊಬ್ಬರೇ ಅವರ ಮನೆಗೆ ಹೋಗಿ ಬನ್ನಿ. ಮಗು ಅಜ್ಜಿಯ ಹತ್ತಿರ ಇರಲಿ. ಕೂತು ಅವರ ಕೆಲಸದ ವಿಷಯ ಕೇಳಿ, ಅವರು ಮಾಡಿದ ಕಾಫಿ ಕುಡಿಯಿರಿ. ಮಗಳ ಮಾತು ಅವರಾಗಿ ಕೇಳಿದರೆ ಹೇಳಿ.